ಹಳೆಯ ಪಿಯಾನೊ ರೆಕಾರ್ಡ್: ಯಂತ್ರದ ದೋಷ ಯಾವುದು, ಕಲಾವಿದರ ಶೈಲಿ ಯಾವುದು?

‘ಫ್ರೆಂಚ್ ಸಂಯೋಜಕ ಡಿಬಸಿ 1913ರಲ್ಲಿ ಸ್ವತಃ ನುಡಿಸಿದ ಕ್ಲೇರ್ ದ ಲೂನ್, ತಪ್ಪದೇ ಕೇಳಿ’ – ಇಂಥ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಧ್ವನಿ ನಿನ್ನೆ ಮೊನ್ನೆ ರೆಕಾರ್ಡ್ ಮಾಡಿದಷ್ಟು ಸ್ವಚ್ಛ. ಅದೇ, ನಿಜವಾದ ಹಳೆಯ ಪ್ಲೇಟಿನ ಧ್ವನಿ ಕೇಳಿದರೆ ಬರೀ ಗರಗರ. ಹತ್ತೇ ಸೆಕೆಂಡಿಗೆ ನಿಲ್ಲಿಸಿಬಿಡುತ್ತೇವೆ. ಮೊದಲನೆಯದನ್ನು ಸುಲಭವಾಗಿ ನಂಬುತ್ತೇವೆ, ಎರಡನೆಯದನ್ನು ಸುಲಭವಾಗಿ ತಳ್ಳಿಹಾಕುತ್ತೇವೆ. ಅಂದಿನ ಯಂತ್ರಗಳ ಬಗ್ಗೆ ಸ್ವಲ್ಪ ತಿಳಿದರೆ ಎರಡೂ ತಪ್ಪನ್ನು ತಪ್ಪಿಸಬಹುದು.

ತೀರಾ ಸ್ವಚ್ಛವಾಗಿದ್ದರೆ?

ಅದು ಬಹುಶಃ ಪಿಯಾನೊ ರೋಲ್. ಕಲಾವಿದರು ಒತ್ತಿದ ಕೀಗಳ ಗುರುತನ್ನು ಕಾಗದದ ಸುರುಳಿಯಲ್ಲಿ ರಂಧ್ರಗಳಾಗಿ ಉಳಿಸುವ ವಿಧಾನವಿದು. ಅದರಲ್ಲಿ ಶಬ್ದವೇ ಇರುವುದಿಲ್ಲ. ಈಗ ಕೇಳಿಸುವುದು ಆ ಸುರುಳಿಯಿಂದ ನಡೆಯುವ ಇಂದಿನ ಪಿಯಾನೊದ ನಾದ. ಡಿಬಸಿ ರೋಲ್‌ಗಳನ್ನು ಮಾಡಿದ್ದು ನಿಜ. ಆದರೆ ಅವುಗಳಲ್ಲಿ ‘ಕ್ಲೇರ್ ದ ಲೂನ್’ ಇಲ್ಲ.

ಇನ್ನು ‘ಶೋಪ್ಯಾನ್ ಸ್ವತಃ ನುಡಿಸಿದ್ದು’ ಎಂಬ ಮಾತು ಕಂಡರೆ ಇಸವಿ ನೋಡಿದರೆ ಸಾಕು. ಆತ ತೀರಿಕೊಂಡದ್ದು 1849ರಲ್ಲಿ, ಎಡಿಸನ್‌ರ ಫೋನೊಗ್ರಾಫ್ ಬಂದದ್ದು 1877ರಲ್ಲಿ. ಬ್ರಾಮ್ಸ್ 1889ರಲ್ಲಿ ವಿಯೆನ್ನಾದಲ್ಲಿ ಮೇಣದ ಸಿಲಿಂಡರ್‌ಗೆ ನುಡಿಸಿದ್ದು ಮಾತ್ರ ನಿಜ. ಆದರೆ ಅದರಲ್ಲಿ ಪಿಯಾನೊಗಿಂತ ಗದ್ದಲವೇ ಹೆಚ್ಚು.

ಧ್ವನಿ ಏಕೆ ಅಷ್ಟು ಬಡಕಲು?

1925ರವರೆಗೆ ಸಾಮಾನ್ಯವಾಗಿ ಮೈಕ್ ಬಳಸುತ್ತಿರಲಿಲ್ಲ. ಪಿಯಾನೊ ಮುಂದೆ ದೊಡ್ಡ ಕಹಳೆ ಇಡುತ್ತಿದ್ದರು. ಅದರೊಳಗೆ ಹೋದ ಶಬ್ದದ ಬಲದಿಂದಲೇ ಸೂಜಿ ಮೇಣವನ್ನು ಕೊರೆಯಬೇಕಿತ್ತು. ಪಿಯಾನೊದ ಅತಿ ಎತ್ತರದ ಸ್ವರ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಕಂಪಿಸುತ್ತದೆ. ಕಹಳೆಗೆ ಸುಮಾರು 2,500ರ ಆಚೆಗಿನದು ಬಹುಪಾಲು ಸಿಗುತ್ತಲೇ ಇರಲಿಲ್ಲ. ನಾದದ ಹೊಳಪನ್ನು ಕಳೆದದ್ದು ಯಂತ್ರವೇ ಹೊರತು ಕಲಾವಿದರಲ್ಲ.

ವೇಗದ ಗೊಂದಲವೂ ಇದೆ. ‘78’ ಎಂದು ಕರೆಯುವ ಪ್ಲೇಟುಗಳೆಲ್ಲ ನಿಮಿಷಕ್ಕೆ 78 ಸುತ್ತಿನಲ್ಲೇ ಕೊರೆದವಲ್ಲ. 74ರಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತದೆ, ನುಡಿಸಾಣಿಕೆಯೂ ಓಡುತ್ತದೆ. ಜೊತೆಗೆ ಒಂದು ಬದಿಗೆ ಸಿಗುತ್ತಿದ್ದುದು ಮೂರರಿಂದ ನಾಲ್ಕೂವರೆ ನಿಮಿಷ. ಹಾಗಾಗಿ ಕೃತಿಗಳಿಗೆ ಕತ್ತರಿ ಬೀಳುವುದೂ ಸಾಮಾನ್ಯವಾಗಿತ್ತು.

ತಪ್ಪು ನುಡಿಸಿದ್ದಾರೆಯೇ?

ಕೆಲವೊಮ್ಮೆ ಹೌದು. ಆಲ್ಫ್ರೆಡ್ ಕಾರ್ಟೊ 1930ರ ದಶಕದಲ್ಲಿ ನುಡಿಸಿದ ಶೋಪ್ಯಾನ್ ಕೃತಿಗಳಲ್ಲಿ ತಪ್ಪು ಸ್ವರಗಳು ಸ್ಪಷ್ಟವಾಗಿ ಕೇಳುತ್ತವೆ. ಟೇಪ್ ಕತ್ತರಿಸಿ ಜೋಡಿಸುವ ಸೌಕರ್ಯ ಬಂದದ್ದು ಎರಡನೇ ಮಹಾಯುದ್ಧದ ನಂತರ. ಅಲ್ಲಿಯವರೆಗೆ ಒಂದು ಬದಿ ಎಂದರೆ ಒಂದೇ ಉಸಿರಿನ ನುಡಿಸಾಣಿಕೆ.

ಆದರೆ ತಪ್ಪಿನಂತೆ ಕೇಳಿಸುವುದೆಲ್ಲ ತಪ್ಪಲ್ಲ. 1860ರಲ್ಲಿ ಹುಟ್ಟಿದ ಪಾಡೆರೆವ್‌ಸ್ಕಿಯ ಎಡಗೈ ಹಲವೆಡೆ ಬಲಗೈಗಿಂತ ಒಂದು ಕ್ಷಣ ಮೊದಲು ಬೀಳುತ್ತದೆ. ರಾಗವನ್ನು ಎತ್ತಿ ತೋರಿಸಲು ಆ ಪೀಳಿಗೆ ಬೇಕೆಂದೇ ಬಳಸುತ್ತಿದ್ದ ರೀತಿಯದು. ಅಚ್ಚಾದ ಸ್ವರಲಿಪಿಯಲ್ಲಿ ಇದು ಕಾಣುವುದಿಲ್ಲ. ಉಳಿದಿರುವುದು ಈ ಪ್ಲೇಟುಗಳಲ್ಲೇ.

ಮೈಸೂರಿನ ನಂಟು

ಇಂಥ ಒಂದು ನಿಧಿ ಉಳಿದದ್ದರಲ್ಲಿ ನಮ್ಮವರ ಪಾಲೂ ಇದೆ. ಪಿಯಾನೊ ಬಲ್ಲವರಾಗಿದ್ದ ಜಯಚಾಮರಾಜೇಂದ್ರ ಒಡೆಯರ್, ಲಂಡನ್‌ನಲ್ಲಿ ನೆಲೆಸಿದ್ದ ರಷ್ಯನ್ ಸಂಯೋಜಕ ಹಾಗೂ ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ ಅವರ ಧ್ವನಿಮುದ್ರಣಗಳಿಗೆ 1940ರ ದಶಕದ ಕೊನೆಯಲ್ಲಿ ಹಣ ನೀಡಿದರು. ಮೆಟ್ನರ್ ತೀರಿಕೊಂಡದ್ದು 1951ರಲ್ಲಿ. ಸಂಯೋಜಕರ ಸ್ವಂತ ಕೈಯಿಂದಲೇ ಅವರ ಮೂರೂ ಪಿಯಾನೊ ಕನ್ಸರ್ಟೊಗಳನ್ನು ಇಂದು ಕೇಳಲು ಸಾಧ್ಯವಾಗಿರುವುದು ಹೀಗೆ. ಮೂರನೆಯದನ್ನು ಅವರು ಮಹಾರಾಜರಿಗೇ ಅರ್ಪಿಸಿದ್ದಾರೆ.

ಕೊನೆಯದಾಗಿ

ಹಳೆಯದೆಲ್ಲ ಚಿನ್ನವೂ ಅಲ್ಲ, ಗರಗರ ಎನ್ನುವುದೆಲ್ಲ ಕಸವೂ ಅಲ್ಲ. ಒಂದೇ ಪ್ಲೇಟನ್ನು ಎರಡು ಸಲ ಕೇಳಿ. ಎರಡನೆಯ ಸಲ ಗದ್ದಲ ತಾನಾಗಿ ಹಿಂದೆ ಸರಿಯುತ್ತದೆ. ಫಾರ್ವರ್ಡ್ ಮಾಡುವ ಮುನ್ನ ಮಾತ್ರ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಯಾವ ಇಸವಿ? ಪ್ಲೇಟೋ, ರೋಲೋ? ಆಗ ಕಲಾವಿದರು ಬದುಕಿದ್ದರೇ?