ಕೋವಿಯ ಹಕ್ಕು ಮತ್ತು ಹಕ್ಕಿನ ಹೆಸರು ಹೇಳುವ ಸಂಘಗಳು

ಮಲೆನಾಡಿನ ಕೃಷಿಕನಿಗೆ ಕೋವಿ ಹೊಸ ವಸ್ತುವಲ್ಲ. ಗದ್ದೆಗೆ ಹಂದಿ ನುಗ್ಗುವ, ತೋಟಕ್ಕೆ ಮಂಗಗಳ ಹಿಂಡು ಇಳಿಯುವ ಊರುಗಳಲ್ಲಿ ಅದು ಕತ್ತಿ, ಹಾರೆಗಳ ಸಾಲಿನಲ್ಲಿಯೇ ನಿಂತಿರುವ ಸಾಧನ. ಕೊಡಗಿನಲ್ಲಂತೂ ಅದು ಕೈಲ್‌ಪೊಳ್ದ್‌ ದಿನ ಹೂವಿಟ್ಟು ಪೂಜಿಸುವ ಆಯುಧ. ಆದುದರಿಂದ ಕೋವಿಯ ಹಕ್ಕಿನ ಪರ ನಿಲ್ಲುವೆವೆಂದು ಹೇಳುವ ಯಾವುದೇ ಸಂಘದ ಮಾತಿಗೆ ಇಲ್ಲಿ ಕಿವಿಗಳು ಬೇಗ ತೆರೆದುಕೊಳ್ಳುತ್ತವೆ. ಆದರೆ ಅಂತಹ ಸಂಘ ನಿಜಕ್ಕೂ ಆ ಹಕ್ಕಿನ ಪರವಾಗಿದೆಯೇ, ಇಲ್ಲವೇ ಹಕ್ಕಿನ ಹೆಸರಿನಲ್ಲಿ ಬೇರೊಂದನ್ನು ಕಾಯುತ್ತಿದೆಯೇ ಎಂಬುದನ್ನು ಅಳೆಯುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದ ಇತಿಹಾಸದಷ್ಟು ಉಪಯುಕ್ತವಾದ ಪಾಠಪುಸ್ತಕ ಬೇರೊಂದಿಲ್ಲ. ಅಲ್ಲಿನ ಸಂವಿಧಾನದ ಎರಡನೆಯ ತಿದ್ದುಪಡಿ ಆಯುಧ ಹೊಂದುವುದನ್ನು ನಾಗರಿಕರ ಹಕ್ಕೆಂದು ಗುರುತಿಸಿದೆ. ಆ ಹಕ್ಕಿನ ಸುತ್ತ ದೊಡ್ಡ ಸಂಘಟನೆಗಳು, ದೊಡ್ಡ ಹಣ ಮತ್ತು ದೊಡ್ಡ ರಾಜಕಾರಣ ಬೆಳೆದಿವೆ. ಆ ಹಕ್ಕು ಒಳ್ಳೆಯದೇ ಕೆಟ್ಟದ್ದೇ ಎಂಬ ಚರ್ಚೆ ಈ ಲೇಖನದ ವಸ್ತುವಲ್ಲ. ಹಕ್ಕಿನ ವಕ್ತಾರರೆಂದು ಹೇಳಿಕೊಂಡವರ ಪ್ರಾಮಾಣಿಕತೆಯಷ್ಟೇ ಇಲ್ಲಿನ ವಿಷಯ.

ಹೊಸ ಹೆಸರಿನ ಸಂಘ

2005ರಲ್ಲಿ ಅಮೆರಿಕದಲ್ಲಿ 'ಅಮೆರಿಕನ್ ಹಂಟರ್ಸ್ ಅಂಡ್ ಶೂಟರ್ಸ್ ಅಸೋಸಿಯೇಷನ್' ಎಂಬ ಸಂಸ್ಥೆ ಹುಟ್ಟಿತು. ಬೇಟೆಗಾರರ ಮತ್ತು ಗುರಿಕಾರರ ಸಂಘ ಎಂಬುದು ಹೆಸರಿನ ಅರ್ಥ. ಅದರ ಅಧ್ಯಕ್ಷರು ಒಂದು ಕಾಲದ ಹೆಸರಾಂತ ಫುಟ್‌ಬಾಲ್ ಆಟಗಾರ ರೇ ಶೆಂಕಿ. ಬೇಟೆಗಾರರ ಹಕ್ಕನ್ನು ಕಾಯುವುದು, ಕಾಡು ಮತ್ತು ಜೌಗು ನೆಲಗಳನ್ನು ಉಳಿಸುವುದು, ಕೋವಿಯ ಬಳಕೆಯಲ್ಲಿ ಹೊಣೆಗಾರಿಕೆ ತರುವುದು ಅದು ಸಾರಿದ ಉದ್ದೇಶಗಳು. ಪರಿಸರಾಸಕ್ತರಿಗೆ ಇಷ್ಟು ಹಿತವೆನಿಸುವ ಘೋಷಣೆ ಕೋವಿ ಸಂಘಗಳಿಂದ ಬರುವುದು ಅಪರೂಪ.

ಹಳೆಯ ಕೋವಿ ಸಂಘಗಳು ಇದನ್ನು ವೇಷಧಾರಿ ಸಂಸ್ಥೆ ಎಂದು ಕರೆದವು. ಅವು ಮುಂದಿಟ್ಟ ಆಧಾರಗಳು ಸುಳ್ಳಾಗಿರಲಿಲ್ಲ. ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರು ಮ್ಯಾಸಚೂಸೆಟ್ಸ್‌ನಲ್ಲಿ ಕೈಬಂದೂಕಿನ ಹಿಂಸೆಯ ವಿರುದ್ಧ ಕಟ್ಟಲಾದ ಸಂಸ್ಥೆಯ ಸ್ಥಾಪಕರೂ ಆಗಿದ್ದರು. ಕೋವಿ ಪ್ರದರ್ಶನ-ಮಾರಾಟ ಮೇಳಗಳಲ್ಲಿ ಖರೀದಿದಾರರ ಹಿನ್ನೆಲೆ ತಪಾಸಣೆ ಕಡ್ಡಾಯವಾಗಬೇಕೆಂದು ಸಂಘ ವಾದಿಸಿತು. 2008ರ ಅಧ್ಯಕ್ಷೀಯ ಚುನಾವಣೆಯಲ್ಲಿ ಬರಾಕ್ ಒಬಾಮ ಅವರನ್ನು ಬೆಂಬಲಿಸಿತು. 2010ರ ಹೊತ್ತಿಗೆ ಅದು ಕಣ್ಮರೆಯಾಯಿತು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಹಿನ್ನೆಲೆ ತಪಾಸಣೆ ಬೇಕೆಂದ ಮಾತ್ರಕ್ಕೆ ಯಾರೂ ಕೋವಿಯ ಹಕ್ಕಿನ ಶತ್ರುವಾಗುವುದಿಲ್ಲ. ಯಾವ ಹಕ್ಕಿಗೂ ಒಂದು ಎಲ್ಲೆ ಇರುತ್ತದೆ. ಆ ಎಲ್ಲೆ ಇಲ್ಲಿರಲಿ ಎಂದು ಬಹಿರಂಗವಾಗಿ ಹೇಳುವುದು ಪ್ರಾಮಾಣಿಕ ನಿಲುವೇ. ಆದರೆ ಹಕ್ಕಿನ ಪರ ಎಂದು ಸದಸ್ಯತ್ವ ಕೇಳುವ ಸಂಘ ಎಲ್ಲೆಯ ಬಗ್ಗೆ ಮಾತನಾಡುವಷ್ಟೇ ದನಿಯಲ್ಲಿ ಹಕ್ಕಿನ ಬಗ್ಗೆಯೂ ಮಾತನಾಡಬೇಕು. ಯಾವ ಅನ್ಯಾಯದ ನಿರ್ಬಂಧವನ್ನು ಅದು ತಡೆಯಿತು, ಯಾವ ಬಡ ಬೇಟೆಗಾರನ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿತು ಎಂದು ಕೇಳಿದಾಗ ತೋರಿಸಲು ಏನಾದರೂ ಇರಬೇಕು. ಈ ಸಂಘದ ಹೆಸರು ಉಳಿದದ್ದು ನಿಯಂತ್ರಣಕ್ಕೆ ನೀಡಿದ ಬೆಂಬಲದಿಂದ. ಹಕ್ಕಿಗಾಗಿ ನಡೆಸಿದ ಹೋರಾಟದಿಂದ ಅಲ್ಲ. ಅದರ ನಿಲುವುಗಳು ಸರಿಯೆಂದು ಒಪ್ಪುವವರೂ ಅದು ಹಾಕಿಕೊಂಡಿದ್ದ ಫಲಕವನ್ನು ಪ್ರಶ್ನಿಸಬೇಕಾಗುತ್ತದೆ.

ಆರೋಪಿಸಿದವರ ಚರಿತ್ರೆ

ಹಾಗಾದರೆ ಬೆರಳು ತೋರಿದವರು ಎಂಥವರು? ಅವರಲ್ಲಿ ಹಿರಿಯದು 'ನ್ಯಾಷನಲ್ ರೈಫಲ್ ಅಸೋಸಿಯೇಷನ್'. 1871ರಲ್ಲಿ ನ್ಯೂಯಾರ್ಕ್‌ನಲ್ಲಿ ಅಂತರ್ಯುದ್ಧದ ಇಬ್ಬರು ಮಾಜಿ ಯೋಧರು ಇದನ್ನು ಸ್ಥಾಪಿಸಿದಾಗ ಉದ್ದೇಶ ಗುರಿ ಹೊಡೆಯುವ ತರಬೇತಿಯಷ್ಟೇ ಆಗಿತ್ತು. 1934ರಲ್ಲಿ ಯಂತ್ರಬಂದೂಕುಗಳನ್ನು ನಿಯಂತ್ರಿಸುವ ಕೇಂದ್ರ ಕಾನೂನು ಬಂದಾಗ ಸಂಘ ಕೈಬಂದೂಕಿಗೆ ಸಂಬಂಧಿಸಿದ ಅಂಶಗಳನ್ನು ವಿರೋಧಿಸಿತೇ ಹೊರತು ಉಳಿದ ನಿಯಂತ್ರಣಕ್ಕೆ ಅಡ್ಡ ಬರಲಿಲ್ಲ. 1968ರ ಕಾನೂನಿನ ಸಮಯದಲ್ಲಿಯೂ ಅಂಚೆಯ ಮೂಲಕ ಕೋವಿ ತರಿಸುವುದನ್ನು ನಿಲ್ಲಿಸಲು ಅದರ ನಾಯಕರು ಒಪ್ಪಿದ್ದರು. ಸಂಘ ಇಂದಿನ ಕಠಿಣ ರೂಪ ಪಡೆದದ್ದು 1977ರಲ್ಲಿ. ಆ ವರ್ಷ ಸಿನ್ಸಿನಾಟಿಯಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಅಸಮಾಧಾನಗೊಂಡ ಸದಸ್ಯರು ರಾತ್ರಿಯಿಡೀ ಚರ್ಚಿಸಿ, ಮತ ಹಾಕಿ, ಹಳೆಯ ನಾಯಕತ್ವವನ್ನು ಕೆಳಗಿಳಿಸಿದರು.

ಅಂದಿನಿಂದ ರಾಜಿಯಿಲ್ಲದ ಹಕ್ಕುರಕ್ಷಕ ಎಂಬ ಬಿರುದು ಅದಕ್ಕೆ ಅಂಟಿಕೊಂಡಿತು. ಆದರೆ ದಾಖಲೆಗಳು ಬೇರೆಯದನ್ನೂ ಹೇಳುತ್ತವೆ. 1967ರಲ್ಲಿ ಕ್ಯಾಲಿಫೋರ್ನಿಯದ ಕರಿಯರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಕಾನೂನುಬದ್ಧವಾಗಿಯೇ ಕೋವಿ ಹಿಡಿದು ಪೊಲೀಸರ ನಡವಳಿಕೆಯ ಮೇಲೆ ಕಣ್ಣಿಡತೊಡಗಿದಾಗ, ತುಂಬಿದ ಕೋವಿಯನ್ನು ಸಾರ್ವಜನಿಕವಾಗಿ ಒಯ್ಯುವುದನ್ನು ನಿಷೇಧಿಸುವ ಮಲ್ಫೋರ್ಡ್ ಕಾಯಿದೆ ಬಂತು. ಅದಕ್ಕೆ ಸಹಿ ಹಾಕಿದವರು ಗವರ್ನರ್ ರೊನಾಲ್ಡ್ ರೇಗನ್. ರೈಫಲ್ ಸಂಘ ಅದನ್ನು ಬೆಂಬಲಿಸಿತ್ತು. ಅದು ಹಳೆಯ ನಾಯಕತ್ವದ ಕಾಲದ ಮಾತು ಎನ್ನಬಹುದು. ಆದರೆ 2016ರಲ್ಲಿ ಮಿನೆಸೋಟ ರಾಜ್ಯದಲ್ಲಿ ಪರವಾನಗಿ ಹೊಂದಿದ್ದ ಒಬ್ಬ ಕರಿಯ ನಾಗರಿಕ, ತನ್ನ ಬಳಿ ಕೋವಿ ಇದೆಯೆಂದು ತಾನಾಗಿಯೇ ಪೊಲೀಸನಿಗೆ ತಿಳಿಸಿ, ಕಾರಿನಲ್ಲಿ ಕುಳಿತಂತೆಯೇ ಗುಂಡಿಗೆ ಬಲಿಯಾದಾಗ ಸಂಘ ತನಿಖೆ ಮುಗಿಯಲಿ ಎಂಬ ತಣ್ಣನೆಯ ಹೇಳಿಕೆಯಲ್ಲಿಯೇ ನಿಂತಿತು. ಅದರ ಸದಸ್ಯರಲ್ಲಿಯೇ ಹಲವರು ಇದರಿಂದ ನೊಂದರು. ಪರವಾನಗಿ ಪಡೆದು ಕಾನೂನು ಪಾಲಿಸಿದವನ ಸಾವಿಗೆ ದನಿಯೆತ್ತದ ಸಂಘ ಯಾರ ಹಕ್ಕನ್ನು ಕಾಯುತ್ತದೆ?

ನ್ಯಾಯಾಲಯದ ಕಥೆಯೂ ಬೋಧಪ್ರದವಾದುದು. ಆಯುಧ ಹೊಂದುವುದು ವ್ಯಕ್ತಿಯ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಮೊದಲ ಬಾರಿಗೆ ಸ್ಪಷ್ಟವಾಗಿ ಹೇಳಿದ್ದು 2008ರ ಹೆಲ್ಲರ್ ತೀರ್ಪಿನಲ್ಲಿ, 5-4ರ ಬಹುಮತದಿಂದ. ಆ ಮೊಕದ್ದಮೆಯನ್ನು ಹೂಡಿದ್ದು ರೈಫಲ್ ಸಂಘವಲ್ಲ. ಸ್ವತಂತ್ರವಾಗಿ ಮುಂದೆ ಬಂದ ಕೆಲವೇ ವಕೀಲರು. ಸೋತರೆ ಇದ್ದದ್ದೂ ಹೋದೀತೆಂಬ ಅಂಜಿಕೆಯಿಂದ ಸಂಘ ಆರಂಭದಲ್ಲಿ ಹಿಂಜರಿಯಿತು. ತೀರ್ಪು ಬಂದ ಮೇಲೆ ಜಯಘೋಷ ಮಾತ್ರ ಜೋರಾಗಿತ್ತು. ಆದರೂ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ: ಮನೆಯ ಹೊರಗೂ ಕೋವಿ ಒಯ್ಯುವ ಹಕ್ಕನ್ನು ಎತ್ತಿಹಿಡಿದ 2022ರ ಬ್ರೂಯೆನ್ ಮೊಕದ್ದಮೆಯನ್ನು ನಡೆಸಿದ್ದು ಅದರದ್ದೇ ನ್ಯೂಯಾರ್ಕ್ ಶಾಖಾ ಸಂಘ. ಹಾಗಾಗಿ ಅಳತೆ ಮಾಡುವಾಗ ತಕ್ಕಡಿಯ ಎರಡೂ ತಟ್ಟೆಗಳನ್ನು ನೋಡಬೇಕಾಗುತ್ತದೆ.

ಸೀಸದ ಗುಂಡು ಮತ್ತು ರಣಹದ್ದು

ಪರಿಸರದ ದೃಷ್ಟಿಯಿಂದ ಮುಖ್ಯವಾದ ಒಂದು ನಿದರ್ಶನವಿದೆ. ಕ್ಯಾಲಿಫೋರ್ನಿಯದ ಕೊಂಡೋರ್ ಎಂಬ ದೈತ್ಯ ರಣಹದ್ದಿನ ಸಂಖ್ಯೆ 1982ರಲ್ಲಿ ಕೇವಲ 22ಕ್ಕೆ ಇಳಿದಿತ್ತು. ಇಂದಿಗೂ ಅದರ ಸಾವಿನ ಪ್ರಮುಖ ಕಾರಣ ಸೀಸದ ವಿಷ. ಸೀಸದ ಗುಂಡು ಪ್ರಾಣಿಯ ದೇಹದೊಳಗೆ ಹೊಕ್ಕಾಗ ಸಣ್ಣ ಸಣ್ಣ ಚೂರುಗಳಾಗಿ ಹರಡುತ್ತದೆ. ಬೇಟೆಗಾರ ಕಾಡಿನಲ್ಲಿಯೇ ಬಿಟ್ಟುಹೋದ ಕರುಳು, ಪಚ್ಚಿಗಳನ್ನು ರಣಹದ್ದು ತಿನ್ನುತ್ತದೆ. ಅದರ ಹೊಟ್ಟೆಯ ತೀಕ್ಷ್ಣ ಆಮ್ಲದಲ್ಲಿ ಸೀಸ ಕರಗಿ ರಕ್ತಕ್ಕೆ ಸೇರುತ್ತದೆ. ತಾಮ್ರದ ಗುಂಡು ಈ ರೀತಿ ಚೂರಾಗುವುದು ಬಹಳ ಕಡಿಮೆ. ಈ ಕಾರಣದಿಂದ ಕ್ಯಾಲಿಫೋರ್ನಿಯ 2007ರಲ್ಲಿ ಕೊಂಡೋರ್ ವಾಸಿಸುವ ಪ್ರದೇಶಗಳಲ್ಲಿಯೂ, 2013ರ ಕಾನೂನಿನ ಮೂಲಕ ಹಂತಹಂತವಾಗಿ 2019ರ ಹೊತ್ತಿಗೆ ಇಡೀ ರಾಜ್ಯದಲ್ಲಿಯೂ ಬೇಟೆಗೆ ಸೀಸದ ಗುಂಡನ್ನು ನಿಷೇಧಿಸಿತು.

ರೈಫಲ್ ಸಂಘ ಇದನ್ನು ವಿರೋಧಿಸಿತು. ಸೀಸದ ನಿಷೇಧ ಬೇಟೆಯ ನಿಷೇಧಕ್ಕೆ ಇಟ್ಟ ಮೊದಲ ಹೆಜ್ಜೆ ಎಂಬುದು ಅದರ ವಾದ. ತಾಮ್ರದ ಗುಂಡಿಗೆ ಬೆಲೆ ಹೆಚ್ಚು ಎಂಬ ಬೇಟೆಗಾರನ ಕಷ್ಟ ನಿಜವಾದದ್ದು. ಅದನ್ನು ಎತ್ತಿ ಹೇಳುವುದು ಸಂಘದ ಕರ್ತವ್ಯವೂ ಹೌದು. ಆದರೆ ಕೋವಿ ಹೊಂದುವ ಹಕ್ಕು ಬೇರೆ, ಇಂಥದೇ ಲೋಹದ ಗುಂಡು ಬಳಸುವ ಅನುಕೂಲ ಬೇರೆ. ಇವೆರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿದರೆ ಲಾಭ ಗುಂಡು ತಯಾರಿಸುವವನಿಗೆ. ನಷ್ಟ ಹದ್ದಿಗೂ, ಆ ಮಾಂಸ ತಿನ್ನುವ ಬೇಟೆಗಾರನ ಮಕ್ಕಳಿಗೂ.

ಇದಕ್ಕೆ ಎದುರಾದ ಹಳೆಯ ನಿದರ್ಶನವೂ ಅದೇ ದೇಶದಲ್ಲಿದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಉದ್ದ ಕೋವಿ ಮತ್ತು ಮದ್ದುಗುಂಡುಗಳ ಮೇಲಿನ ಶೇ. 11ರ ತೆರಿಗೆ ನೇರವಾಗಿ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ಕೋವಿಯ ಹಕ್ಕು ಮತ್ತು ಕಾಡಿನ ಹಿತ ಪರಸ್ಪರ ಶತ್ರುಗಳಾಗಲೇಬೇಕೆಂದಿಲ್ಲ ಎಂಬುದಕ್ಕೆ ಎಂಟು ದಶಕಗಳನ್ನು ಮೀರಿ ನಡೆದುಬಂದಿರುವ ಈ ವ್ಯವಸ್ಥೆಯೇ ಸಾಕ್ಷಿ.

ಹಣ ಎಲ್ಲಿಗೆ ಹೋಯಿತು?

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಲೆಕ್ಕದ ಪುಸ್ತಕದ್ದು. ಸುಮಾರು 50 ಲಕ್ಷ ಸದಸ್ಯರಿದ್ದಾರೆಂದು ಹೇಳಿಕೊಳ್ಳುತ್ತಿದ್ದ ರೈಫಲ್ ಸಂಘವನ್ನು 1991ರಿಂದ ಮುನ್ನಡೆಸಿದವರು ವೇಯ್ನ್ ಲಾಪಿಯೆರ್. 2020ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಸಂಘದ ಮೇಲೆ ಮೊಕದ್ದಮೆ ಹೂಡಿದರು. ಖಾಸಗಿ ವಿಮಾನ ಪ್ರಯಾಣ, ಬೆಲೆಬಾಳುವ ಉಡುಪು, ಐಷಾರಾಮಿ ಪ್ರವಾಸಗಳ ವಿವರಗಳು ಹೊರಬಂದವು. 2024ರ ಜನವರಿಯಲ್ಲಿ ಲಾಪಿಯೆರ್ ರಾಜೀನಾಮೆ ಘೋಷಿಸಿದರು. ಫೆಬ್ರುವರಿಯಲ್ಲಿ ಜ್ಯೂರಿ ಅವರು ಸಂಘಕ್ಕೆ 54 ಲಕ್ಷ ಡಾಲರ್ ಹಾನಿ ಮಾಡಿದ್ದಾರೆಂದು ತೀರ್ಮಾನಿಸಿತು. ಮೊಕದ್ದಮೆಯ ಹಿಂದೆ ರಾಜಕೀಯ ದ್ವೇಷವಿದೆ ಎಂದು ಸಂಘ ದೂರಿತ್ತು. ದ್ವೇಷವಿದ್ದರೂ ಇರಬಹುದು, ಆದರೆ ಖರ್ಚಾದದ್ದು ಸದಸ್ಯರ ಹಣವೇ. ಬೇಲಿಯೇ ಎದ್ದು ಹೊಲ ಮೇಯ್ದರೆ, ಹಕ್ಕು ಅಪಾಯದಲ್ಲಿದೆ ಎಂಬ ಕೂಗು ಮೇಯುವ ಸದ್ದನ್ನು ಮುಚ್ಚುವ ಡೋಲಾಗುತ್ತದೆ. 1977ರಲ್ಲಿ ಒಂದು ರಾತ್ರಿಯಲ್ಲಿ ನಾಯಕರನ್ನು ಬದಲಿಸಬಲ್ಲವರಾಗಿದ್ದ ಸದಸ್ಯರು ಈ ಅವ್ಯವಹಾರವನ್ನು ವರ್ಷಾನುಗಟ್ಟಲೆ ತಡೆಯಲಾರದೆ ಹೋದದ್ದು ಇಡೀ ಕಥೆಯ ಅತ್ಯಂತ ದುಃಖದ ಭಾಗ.

ನಾಲ್ಕು ಪ್ರಶ್ನೆಗಳು

ಇಷ್ಟರಿಂದ ನಾಲ್ಕು ಪ್ರಶ್ನೆಗಳನ್ನು ಸಂಗ್ರಹಿಸಬಹುದು. ಹಕ್ಕಿಗಾಗಿ ಸಂಘ ನಿಜವಾಗಿ ಮಾಡಿದ ಕೆಲಸವೇನು, ಅದಕ್ಕೆ ದಾಖಲೆಯಿದೆಯೇ? ತನಗೆ ಪ್ರಿಯರಲ್ಲದವರ, ಬಡವರ, ದುರ್ಬಲರ ಹಕ್ಕಿಗೆ ಧಕ್ಕೆ ಬಂದಾಗಲೂ ಅದು ದನಿಯೆತ್ತುತ್ತದೆಯೇ? ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಸದಸ್ಯರು ನಾಯಕರನ್ನು ಪ್ರಶ್ನಿಸಿ ಬದಲಿಸಬಲ್ಲರೇ? ಮೊದಲ ಪ್ರಶ್ನೆಯಲ್ಲಿ ಹೊಸ ಸಂಘ ಎಡವಿತು. ಎರಡನೆಯದರಿಂದ ನಾಲ್ಕನೆಯದರವರೆಗೆ ಹಳೆಯದು ಎಡವಿತು. ಯಾರ ದನಿ ಜೋರು, ಯಾರು ಎದುರಾಳಿಯನ್ನು ಹೆಚ್ಚು ಬೈಯುತ್ತಾರೆ ಎಂಬುದು ಈ ಪಟ್ಟಿಯಲ್ಲಿಲ್ಲ. ಬೈಗುಳಕ್ಕೆ ಖರ್ಚಿಲ್ಲ, ಆದ್ದರಿಂದ ಅದು ಪ್ರಮಾಣವೂ ಅಲ್ಲ.

ಭಾರತದಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ. 1959ರ ಆಯುಧ ಕಾಯಿದೆಯಡಿ ಅದು ಪರವಾನಗಿಗೆ ಒಳಪಟ್ಟದ್ದು. ಬೆಳೆ ರಕ್ಷಣೆಗೆ ಮುಂಭಾಗದಿಂದ ಮದ್ದು ತುಂಬುವ ಕೋವಿಯ ಪರವಾನಗಿಯನ್ನು ಆ ಕಾಯಿದೆಯೇ ಹೆಸರಿಸಿದೆ. ಆದರೆ ಅದು 1972ರ ವನ್ಯಜೀವಿ ಕಾಯಿದೆಯನ್ನು ಮೀರುವ ಅನುಮತಿಯಲ್ಲ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಇರಿಸಬೇಕಾಗುವ ಮಲೆನಾಡಿನ ಕೃಷಿಕರ ಸಂಕಟ ಹಳೆಯದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು; ಕೇಂದ್ರದ ಅಧಿಸೂಚನೆಯಂತೆ ಅದರ ಅವಧಿ 2029ರವರೆಗೆ ಇದೆ. ಆ ವರ್ಷ ಹತ್ತಿರವಾದಂತೆ ವಿನಾಯಿತಿಯ ಪರವಾಗಿಯೂ ವಿರೋಧವಾಗಿಯೂ ಸಂಘಗಳು ಎದ್ದು ನಿಲ್ಲುವುದು ಸಹಜ.

ಅಂದು ಮಲೆನಾಡಿನ ಜನ ಕೇಳಬೇಕಾದದ್ದು ಈ ನಾಲ್ಕೇ ಪ್ರಶ್ನೆಗಳನ್ನು. ಹಂದಿಯ ಕಾಟದಿಂದ ಎರಡು ಎಕರೆ ಗದ್ದೆ ಪಾಳು ಬಿಟ್ಟವನಿಗೆ ಸಂಘ ಏನು ಮಾಡಿದೆ? ನೂರು ಎಕರೆ ತೋಟದ ಧಣಿಗೆ ಏನು ಮಾಡಿದೆ? ಕೃಷಿಕನ ಕೋವಿಯ ನೆರಳಿನಲ್ಲಿ ಕಳ್ಳಬೇಟೆಗಾರನಿಗೆ ಆಶ್ರಯ ಕೊಡುತ್ತಿದೆಯೇ? ವಾರ್ಷಿಕ ಸಭೆಯಲ್ಲಿ ಜಮಾಖರ್ಚನ್ನು ಓದಿ ಹೇಳುತ್ತದೆಯೇ? ಕಾಡಿನ ಹೆಸರಿನಲ್ಲಿ, ರೈತರ ಹೆಸರಿನಲ್ಲಿ ನಡೆಯುವ ಸಂಸ್ಥೆಗಳಿಗೂ ಇದೇ ಅಳತೆ ಅನ್ವಯಿಸುತ್ತದೆ. ಪರಿಸರ ಸಂಘಟನೆಗಳೂ ಇದಕ್ಕೆ ಹೊರತಲ್ಲ. ಚಂದಾ ರಸೀದಿಗೆ ಸಹಿ ಹಾಕುವ ಮೊದಲು ಕಳೆದ ವರ್ಷದ ಲೆಕ್ಕಪತ್ರ ಮತ್ತು ನಡಾವಳಿ ಪುಸ್ತಕವನ್ನು ತರಿಸಿ ಓದುವುದು ಪ್ರತಿ ಗ್ರಾಮದಲ್ಲೂ ರೂಢಿಗೆ ಬರಬೇಕು. ವಿದ್ಯಾರ್ಥಿಗಳು ಆ ಕೆಲಸದಲ್ಲಿ ಊರಿನ ಹಿರಿಯರ ಜೊತೆ ಕುಳಿತರೆ ಇನ್ನೂ ಒಳಿತು.