ಕಾಗದದ ಗುರಿಯೂ ಶ್ರಾವಕನ ಅಣುವ್ರತವೂ

ಬೇಗೂರಿನ ಶ್ರಾವಕರೊಬ್ಬರು ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ.ಯಲ್ಲಿ ಗುರಿ ಹೊಡೆಯಲು ಕಲಿತವರು. ವ್ಯಾಪಾರದ ಗಡಿಬಿಡಿಯಲ್ಲಿ ಮೂವತ್ತು ವರ್ಷ ಅದನ್ನು ಬಿಟ್ಟಿದ್ದು, ಈಗ ಮತ್ತೆ ಸ್ಪರ್ಧೆಗಿಳಿಯಲು ತಮ್ಮ ಕೈಯಳತೆಗೆ ತಕ್ಕ ಪಿಸ್ತೂಲೊಂದನ್ನು ಸಿದ್ಧಪಡಿಸಿಕೊಳ್ಳುತ್ತಿದ್ದಾರೆ. ಈ ಸುದ್ದಿ ತಿಳಿದದ್ದೇ ತಡ, ಅವರು ಸದಸ್ಯರಾಗಿರುವ ಬಸದಿಯ ಟ್ರಸ್ಟಿನಲ್ಲಿ “ಆಯುಧ ಹಿಡಿದವನಿಗೆ ಆಡಳಿತ ಮಂಡಳಿಯಲ್ಲಿ ಸ್ಥಾನವಿಲ್ಲ” ಎಂಬ ಠರಾವು ಮಂಡಿತವಾಗಿದೆ. ಈ ಠರಾವು ಧರ್ಮದ ಹೆಸರಿನಲ್ಲಿ ಧರ್ಮವಿಚಾರವನ್ನೇ ತಪ್ಪಿಸುವಂಥದೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಮೊದಲು ವಸ್ತುವೇನೆಂದು ನೋಡೋಣ. ಅದು ಒತ್ತಿದ ಗಾಳಿಯಿಂದ ನಡೆಯುವ ಏರ್ ಪಿಸ್ತೂಲು, ಮದ್ದಿಲ್ಲ, ತೋಟೆಯಿಲ್ಲ. 4.5 ಮಿಲಿಮೀಟರ್ ವ್ಯಾಸದ ಸೀಸದ ಗುಂಡು 10 ಮೀಟರ್ ದೂರದ ಕಾಗದವನ್ನು ತೂತು ಮಾಡುತ್ತದೆ. ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್. ಪಿಸ್ತೂಲಿನ ತೂಕ 1500 ಗ್ರಾಂ ಮೀರಕೂಡದು, ಕುದುರೆ ಕನಿಷ್ಠ 500 ಗ್ರಾಂ ಭಾರವನ್ನಾದರೂ ತಡೆಯಬೇಕು ಎಂಬ ನಿಯಮಗಳಿವೆ. ಒಂದೇ ಕೈಯಲ್ಲಿ, ಯಾವ ಆಧಾರವೂ ಇಲ್ಲದೆ ಹಿಡಿಯಬೇಕಾದ್ದರಿಂದ ಮರದ ಹಿಡಿಯೇ ಇಲ್ಲಿ ಸರ್ವಸ್ವ. ಹೆಬ್ಬೆರಳಿನ ಬುಡ, ಅಂಗೈಯ ಗುಳಿ, ಬೆರಳುಗಳ ನಡುವಿನ ಸಂದು ಇವುಗಳಿಗೆ ಹೊಂದುವಂತೆ ಅದನ್ನು ಅರದಿಂದ ಉಜ್ಜುತ್ತಾರೆ, ಕಡಿಮೆಯಾದಲ್ಲಿ ಮರದ ಪುಡಿಯ ಮೇಣ ತುಂಬುತ್ತಾರೆ. ವಯಸ್ಸಾದ ಕೈಗೆ ಇದು ವಿಲಾಸವಲ್ಲ, ಅಗತ್ಯ. ಆ ಶ್ರಾವಕರು ಮಾಡಿಸುತ್ತಿರುವುದು ಈ ಹಿಡಿಯನ್ನು ಮಾತ್ರ. ನಳಿಗೆ ಕಾರ್ಖಾನೆಯಲ್ಲಿ ಆದದ್ದು. ನಮ್ಮ ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪನವರು ಕೆನಡಾದ ಉದ್ಯೋಗ ಬಿಟ್ಟು ಬಂದು ಮತ್ತೆ ಪಿಸ್ತೂಲು ಹಿಡಿದು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಪಡೆದದ್ದು ಇದೇ 10 ಮೀಟರ್ ಸ್ಪರ್ಧೆಯಲ್ಲಿ.

ಠರಾವಿನ ಪರವಾದವರು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಮುಂದಿಡುತ್ತಾರೆ. ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವೂ ಒಂದೆಂಬುದು ನಿಜ. ಆದರೆ ಅಲ್ಲಿ ದೋಷವೆಂದಿರುವುದು ಹಿಂಸೆಗೆ ಸಾಧನವಾಗುವ ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ ಮುಂತಾದವನ್ನು ಪರರಿಗೆ ಕೊಡುವುದನ್ನು. ಗುದ್ದಲಿ ಮನೆಯಲ್ಲಿದ್ದವನೆಲ್ಲ ಹಿಂಸಕನೆಂದು ಆಚಾರ್ಯರು ಹೇಳಲಿಲ್ಲ. ಪ್ರಮಾದದಿಂದ, ಕಷಾಯದಿಂದ ಪ್ರಾಣಕ್ಕೆ ಕುತ್ತು ತರುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಉಸಿರನ್ನು ಹಿಡಿದು ಚಿತ್ತವನ್ನು ಒಂದೆಡೆ ನಿಲ್ಲಿಸಿದವನಲ್ಲಿ ಪ್ರಮಾದವನ್ನು ಹುಡುಕುವುದು ಹೇಗೆ?

ಇತ್ತ ಆ ಶ್ರಾವಕರ ಪರವಾಗಿ ಮಾತನಾಡುವ ತರುಣರ ವಾದವೂ ನನಗೆ ಒಪ್ಪಿಗೆಯಿಲ್ಲ. ಬೇಗೂರಿನ ದೇಗುಲದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಶಾಸನವಿದೆ, ಅದರಲ್ಲಿ ಬೆಂಗಳೂರಿನ ಕಾಳಗದ ಮಾತಿದೆ, ಜೈನಪಕ್ಷಪಾತಿಗಳಾದ ಗಂಗರ ಕಾಲದ್ದು ಅದು, ಚಾವುಂಡರಾಯನೂ ಸೇನಾಪತಿಯೇ ಎಂದು ಅವರು ಎದೆಯುಬ್ಬಿಸುತ್ತಾರೆ. ನಾಡು ಕಾಯುವವನ ವಿರೋಧೀ ಹಿಂಸೆಗೂ ಭಾನುವಾರದ ಕ್ರೀಡೆಗೂ ಏನು ಸಂಬಂಧ? ಗೊಮ್ಮಟನನ್ನು ನಿಲ್ಲಿಸಿದವನ ಹೆಸರನ್ನು ಇಂಥದಕ್ಕೆ ಎಳೆಯಬಾರದು.

ನಿಜವಾದ ಪ್ರಶ್ನೆ ಗುರಿಯ ರೂಪದ್ದು. ಜನ್ನನ ಯಶೋಧರಚರಿತೆಯನ್ನು (1209) ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಶೋಧರನು ತಾಯಿಯ ಮಾತಿಗೆ ಕಡಿದದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದಿಂದಲೇ ಹಿಂಸೆಯಾಯಿತು, ತಾಯಿ ಮಗ ಇಬ್ಬರೂ ತಿರ್ಯಗ್ಯೋನಿಗಳಲ್ಲಿ ತೊಳಲಿದರು. ಲೋಹದಲ್ಲಿ ಕೋಳಿ, ಹಂದಿ, ಟಗರುಗಳ ಆಕಾರ ಕತ್ತರಿಸಿ ನಿಲ್ಲಿಸಿ ಬೀಳಿಸುವ ಸ್ಪರ್ಧೆಗಳು ಪಶ್ಚಿಮದಲ್ಲಿ ಇಂದಿಗೂ ಇವೆ. 1900ರ ಪ್ಯಾರಿಸ್ ಕೂಟದಲ್ಲಿ ಜೀವಂತ ಪಾರಿವಾಳಗಳನ್ನೇ ಹಾರಿಸಿ ಕೊಂದರು. 1972ರಿಂದ 1988ರವರೆಗೆ ಒಲಿಂಪಿಕ್ಸಿನಲ್ಲಿ ಓಡುವ ಹಂದಿಯ ಚಿತ್ರವಿತ್ತು. ಇವು ಹಿಟ್ಟಿನ ಕೋಳಿಯ ಸಂತತಿ. ಮನುಷ್ಯಾಕಾರದ ಗುರಿಯಂತೂ ಅದಕ್ಕಿಂತ ಹೀನ. ಜೈನನಾದವನು ಇವುಗಳತ್ತ ತಿರುಗಿಯೂ ನೋಡಬಾರದು. ಬಿಳಿಯ ಕಾಗದದ ಮೇಲಿನ ಕಪ್ಪು ವೃತ್ತಕ್ಕೆ ಪ್ರಾಣವೂ ಇಲ್ಲ, ಪ್ರಾಣಿಯ ಆಕಾರವೂ ಇಲ್ಲ.

ಆದ್ದರಿಂದ ಆ ಶ್ರಾವಕರು ಕೆಲವು ನಿಯಮಗಳನ್ನು ತಾವಾಗಿ ಸ್ವೀಕರಿಸಲಿ. ಪ್ರಾಣಿಯ, ಮನುಷ್ಯನ ಆಕೃತಿಗೆ ಗುರಿಯಿಡಕೂಡದು. ಪಿಸ್ತೂಲನ್ನು ಯಾರಿಗೂ ಎರವಲು ಕೊಡಕೂಡದು, ಹಿಂಸಾದಾನದ ಮಾತು ಬರುವುದು ಇಲ್ಲಿಯೇ. ಬಿದ್ದ ಸೀಸವನ್ನು ಪೆಟ್ಟಿಗೆಯಲ್ಲಿ ಹಿಡಿದಿಡಬೇಕು. ಮಣ್ಣಿಗೆ ಸೇರಿದ ಸೀಸದ ಕಾಳನ್ನು ಹಕ್ಕಿ ನುಂಗಿದರೆ ಅದಕ್ಕೆ ವಿಷವೇ. ಮದ್ದಿನ .22 ಪಿಸ್ತೂಲಿಗೆ ಲೈಸೆನ್ಸ್ ದೊರೆತರೂ ಅದನ್ನು ಮನೆಗೆ ತರಬಾರದು. ಅದು ಕೊಲ್ಲಬಲ್ಲದು, ಮನೆಯಲ್ಲಿ ಮಕ್ಕಳಿರುತ್ತಾರೆ, ಕೋಪವೂ ಇರುತ್ತದೆ. ಇಲ್ಲಿ ನಾನು ಠರಾವಿನವರ ಕಡೆಯೇ. ಪರಿಗ್ರಹ ಪರಿಮಾಣದ ಲೆಕ್ಕದಲ್ಲಿ ಅದರ ಬೆಲೆಯನ್ನೂ ಬರೆದಿಡಲಿ, ಇಂಥ ಪಿಸ್ತೂಲು ಅಗ್ಗದ ವಸ್ತುವಲ್ಲ.

ಇನ್ನು ಟ್ರಸ್ಟಿನ ಮಹನೀಯರಿಗೆ ಒಂದು ಮಾತು. ವರ್ತಕನಾದ ನನಗೆ ಖಾತೆಯ ಎರಡೂ ಬದಿ ನೋಡುವ ಅಭ್ಯಾಸ. ಠರಾವು ಮಂಡಿಸಿದ ಸಭೆಯಲ್ಲೇ ಅತಿಥಿಗಳಿಗೆ ರೇಷ್ಮೆಯ ಶಾಲು ಹೊದಿಸಲಾಯಿತು. ಗೂಡಿನೊಳಗಿನ ಹುಳುವನ್ನು ಬಿಸಿಗೆ ಒಡ್ಡಿ ಕೊಂದಲ್ಲದೆ ಆ ನೂಲು ಅಖಂಡವಾಗಿ ಬರುವುದಿಲ್ಲ. ಒಂದು ಸೀರೆಗೆ ಸಾವಿರಗಟ್ಟಲೆ ಗೂಡು ಬೇಕು. ಅದೇ ರೇಷ್ಮೆಯನ್ನು ಮಡಿಯೆಂದು ಉಟ್ಟು ಅಭಿಷೇಕಕ್ಕೆ ನಿಲ್ಲುತ್ತೇವೆ. ಕ್ರಿಮಿನಾಶಕದ ಏಜೆನ್ಸಿ ಹಿಡಿದವರ ದೇಣಿಗೆಯನ್ನು ಅಮೃತಶಿಲೆಯಲ್ಲಿ ಕೆತ್ತಿಸುತ್ತೇವೆ; ವಿಷವಾಣಿಜ್ಯವು ಶ್ರಾವಕನಿಗೆ ನಿಷಿದ್ಧವೆಂಬ ಮಾತು ಆಗ ಯಾರಿಗೂ ನೆನಪಾಗುವುದಿಲ್ಲ. ಅಲ್ಲಿ ಸಾಯುವುದು ಕಾಗದವಲ್ಲ.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಈ ಠರಾವನ್ನು ಹಿಂತೆಗೆದುಕೊಳ್ಳಬೇಕೆಂದೂ, ಬಸದಿಯ ಪೂಜೆ ಸನ್ಮಾನಗಳಲ್ಲಿ ರೇಷ್ಮೆಯ ಬದಲು ಹತ್ತಿಯ ವಸ್ತ್ರವನ್ನೇ ಬಳಸುವ ಠರಾವನ್ನು ಅದೇ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದೂ ಸಮಸ್ತ ಟ್ರಸ್ಟಿಗಳಲ್ಲಿ ನನ್ನ ವಿನಂತಿ. ಮಂಡಿಸಲು ಯಾರೂ ಮುಂದೆ ಬಾರದಿದ್ದರೆ ನಾನೇ ಮಂಡಿಸುತ್ತೇನೆ, ಅನುಮೋದಕರೊಬ್ಬರು ಬೇಕು.