ತವರಿನ ದಾರಿಯಲ್ಲಿ ಕಾಯಕದ ಪರೀಕ್ಷೆ

ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಎಚ್ಚರಿಸಿದವರು ಧರ್ಮಪತ್ನಿ ಲಕ್ಕಮ್ಮನವರು. ಪತಿಯ ಕಾಯಕವನ್ನು ಒರೆಗೆ ಹಚ್ಚುವ ಅಧಿಕಾರ ಸತಿಗೂ ಉಂಟೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಅಂತಹ ಧೀರತೆಯ ತಾಯಿಯೊಬ್ಬರು ಜರ್ಮನಿಯಲ್ಲಿಯೂ ಆಗಿಹೋದರು. ಅವರೇ ಬರ್ತಾ ಬೆಂಜ್.

ಮದುವೆಗೆ ಮುನ್ನವೇ ತಮ್ಮ ಪಾಲಿನ ಹಣವನ್ನು ಭಾವೀ ಪತಿ ಕಾರ್ಲ್ ಬೆಂಜ್ ಅವರ ಉದ್ಯಮಕ್ಕೆ ತೊಡಗಿಸಿದವರು ಅವರು. ಕಾರ್ಲ್ ನಿರ್ಮಿಸಿದ ಮೋಟಾರು ವಾಹನಕ್ಕೆ 1886ರಲ್ಲಿ ಪೇಟೆಂಟ್ ದೊರೆಯಿತು. ಜನರ ನಂಬಿಕೆ ಮಾತ್ರ ದೊರೆಯಲಿಲ್ಲ. 1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ ಬರ್ತಾ, ಪತಿಗೆ ಮುಂದಾಗಿ ತಿಳಿಸದೆ, ಇಬ್ಬರು ಪುತ್ರರೊಡನೆ ಆ ಮೂರು ಗಾಲಿಯ ವಾಹನವನ್ನೇರಿ ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರು ಕಿಲೋಮೀಟರಿಗೂ ಮಿಕ್ಕ ಹಾದಿ ಅದು. ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳ ಮೇಲೆ ಚಿಂತಾಮಣಿ ಸೇರಿದರೂ ಅಷ್ಟು ದೂರವಾಗದು.

ಪೆಟ್ರೋಲು ಬಂಕುಗಳಿಲ್ಲದ ಕಾಲ. ಇಂಧನವನ್ನು ಔಷಧದಂಗಡಿಯಲ್ಲಿ ಕೊಂಡರು. ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೊಪ್ಪಿಗೆಯ ಪಿನ್ನಿನಿಂದ ಬಿಡಿಸಿದರು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನೊಬ್ಬನಿಂದ ತೊಗಲು ಹೊಡೆಸಿದರು. ಏರು ಬಂದಲ್ಲಿ ಇಳಿದು ತಳ್ಳಿದರು. ಸಂಜೆ ತವರು ಮುಟ್ಟಿ ಪತಿಗೆ ತಂತಿ ಕಳುಹಿಸಿದರು. ಈ ಪಯಣದಲ್ಲಿ ಕಂಡ ಕೊರತೆಗಳನ್ನು ತಿದ್ದಿ, ಏರು ಹತ್ತಲು ಮತ್ತೊಂದು ಗೇರನ್ನು ಅಳವಡಿಸಲಾಯಿತು. ಪತಿ ನಿರ್ಮಿಸಿದುದನ್ನು ಸತಿ ದಾರಿಗೆ ತಂದು ಪೂರ್ಣಗೊಳಿಸಿದರು.

ನಮ್ಮ ಸೀಮೆಯ ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು, ಹುಳುವಿಗೆ ಮೇವಿಡುವವರು, ಚಂದ್ರಿಕೆಯಿಂದ ಗೂಡು ಬಿಡಿಸುವವರು ಬಹುಮಟ್ಟಿಗೆ ಹೆಣ್ಣುಮಕ್ಕಳೇ. ಆದರೆ ಆ ಗೂಡು ಶಿಡ್ಲಘಟ್ಟದ ಮಾರುಕಟ್ಟೆ ಸೇರಲು ಮನೆಯ ಗಂಡಸೊಬ್ಬ ಬರಬೇಕು. ಅಪರಾತ್ರಿಯಲ್ಲಿ ಅತ್ತೆಗೆ ಎದೆನೋವು ಬಂದರೆ, ಅಂಗಳದಲ್ಲಿ ವಾಹನ ನಿಂತಿದ್ದರೂ ಸೊಸೆ ನೆರೆಮನೆಯ ಬಾಗಿಲು ತಟ್ಟಬೇಕು. ಇದು ಮರ್ಯಾದೆಯಲ್ಲ, ಪರಾಧೀನತೆ.

ಬೆಂಗಳೂರಿನಂತಹ ನಗರದಲ್ಲಿ ಪ್ರೇಮಾ ರಾಮಪ್ಪ ನಡಪಟ್ಟಿಯವರು ಸಾರಿಗೆ ಸಂಸ್ಥೆಯ ಬಸ್ಸನ್ನೇ ನಡೆಸಿ ತೋರಿದ್ದಾರೆ. ಮನೆಯ ವಾಹನವನ್ನು ನಮ್ಮ ಮಗಳು ನಡೆಸಲಾರಳೇ? ಹದಿನೆಂಟು ತುಂಬಿದವರಿಗೆ ಕಾರಿನ ಪರವಾನಗಿ ಪಡೆಯಲು ಕಾನೂನು ಅನುವು ಮಾಡಿದೆ. ಅಡ್ಡಿಯಿರುವುದು ನಮ್ಮ ಮನಸ್ಸಿನಲ್ಲಿ. ಮಗನಿಗೆ ಕಲಿಸುವ ದಿನವೇ ಮಗಳಿಗೂ ಸೊಸೆಗೂ ಕಲಿಸಿರೆಂದು ಶರಣಬಂಧುಗಳಲ್ಲಿ ನಾವು ವಿನಂತಿಸುತ್ತೇವೆ. ಅಕ್ಕಂದಿರೇ, ನೀವೂ ಹಿಂಜರಿಯದಿರಿ.